ನಿಮಗಿದು ಗೊತ್ತೆ? ತೂಕ ಅಷ್ಟೇ, ಸಕ್ಕರೆ ಮಾತ್ರ ಜಾಸ್ತಿ!

ಸಿರುಗುಪ್ಪದ ಸೋನಾ ಮಸೂರಿ ಅನ್ನ, ಕುರುಗೋಡಿನ ಜೋಳದ ರೊಟ್ಟಿ ಉಂಡು ಬೆಳೆದವರು ಅಮೆರಿಕಕ್ಕೆ ಹೋದರೆ ಸಕ್ಕರೆ ಕಾಯಿಲೆ ಬೆನ್ನು ಬಿಟ್ಟೀತೆ? ಸ್ಯಾನ್ ಫ್ರಾನ್ಸಿಸ್ಕೊ, ಶಿಕಾಗೊ ಸುತ್ತಲಿನ ದಕ್ಷಿಣ ಏಷ್ಯಾ ಮೂಲದವರ ಮೇಲೆ 2010ರಲ್ಲಿ ಒಂದು ಅಧ್ಯಯನ ಶುರುವಾಯಿತು. ಹೆಸರೇ ‘ಮಸಾಲಾ’! ಅಲ್ಲಿನ ಬಿಳಿಯರು, ಕರಿಯರು, ಚೀನೀ ಮೂಲದವರಿಗಿಂತ ಇವರಲ್ಲೇ ಮಧುಮೇಹ ಹೆಚ್ಚು ಕಂಡಿತು. ದಪ್ಪಗಿದ್ದಾರೆಂದಲ್ಲ, ಇವರಿಗೆ ಸ್ನಾಯು ಕಡಿಮೆ, ಯಕೃತ್ತಿನಲ್ಲಿ ಕೊಬ್ಬು ಹೆಚ್ಚು.

ಹೀಗಾಗಿ ನಮಗೆ ಅಳತೆಯೂ ಬೇರೆ. 5 ಅಡಿ 6 ಅಂಗುಲ ಎತ್ತರದವರಿಗೆ ಅಂತರರಾಷ್ಟ್ರೀಯ ಲೆಕ್ಕದಲ್ಲಿ 70 ಕಿಲೊ ದಾಟಿದರೆ ತೂಕ ಹೆಚ್ಚಾಯಿತೆಂದು ಅರ್ಥ. ಭಾರತೀಯರಿಗೆ 65ಕ್ಕೇ ಎಚ್ಚರಿಕೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಮೀರಬಾರದು. ಬಳ್ಳಾರಿ ಜೀನ್ಸಿನ ಮೇಲಿನ ನಂಬರು ಇಲ್ಲಿ ಲೆಕ್ಕಕ್ಕಿಲ್ಲ, ಪ್ಯಾಂಟು ನಿಲ್ಲುವುದು ಹೊಟ್ಟೆಯ ಕೆಳಗೆ! ಉಸಿರು ಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ ನೋಡಿ.

ಹಾಗಂತ ಎಲ್ಲವನ್ನೂ ವಂಶದ ತಲೆಗೆ ಕಟ್ಟುವಂತಿಲ್ಲ, ನೆಲೆಸಿದ ಊರಿನ ಬದುಕೂ ಕಾರಣ. ಹೃದ್ರೋಗದ ಉದಾಹರಣೆ ನೋಡಿ. 1960ರ ದಶಕದಲ್ಲಿ ಜಪಾನಿ ಗಂಡಸರನ್ನು ಮೂರು ಕಡೆ ಪರೀಕ್ಷಿಸಿದಾಗ, ಊರಲ್ಲೇ ಉಳಿದವರಿಗೆ ಹೃದ್ರೋಗ ಕಡಿಮೆ, ಹವಾಯಿಯಲ್ಲಿ ನೆಲೆಸಿದವರಿಗೆ ಹೆಚ್ಚು, ಕ್ಯಾಲಿಫೋರ್ನಿಯದವರಿಗೆ ಇನ್ನೂ ಹೆಚ್ಚು ಕಂಡುಬಂದಿತ್ತು.