ಆಸ್ಪತ್ರೆಯಲ್ಲಿ ಪ್ರತಿಜೀವಕ ಚುಚ್ಚುಮದ್ದು: ರೋಗಿಗಳು ಹಾಗೂ ಅವರ ಕಡೆಯವರು ತಿಳಿದಿರಬೇಕಾದ ಅಂಶಗಳು

ಹೊಸನಗರ ತಾಲ್ಲೂಕಿನ ಹುಂಚ ಹಾಗೂ ನೆರೆಯ ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳ ಗ್ರಾಮಗಳಲ್ಲಿ ಮಳೆಗಾಲದಲ್ಲಿ ಗದ್ದೆ ಮತ್ತು ಅಡಿಕೆ ತೋಟಗಳ ಕೆಸರಿನಲ್ಲಿ ಬರಿಗಾಲಿನಲ್ಲಿ ದುಡಿಯುವವರಿಗೆ ಇಲಿಜ್ವರ ತಗಲುವ ಸಂಭವವಿರುತ್ತದೆ. ಇಲಿ, ಜಾನುವಾರು ಮುಂತಾದವುಗಳ ಮೂತ್ರದಿಂದ ಕಲುಷಿತವಾದ ನೀರಿನಲ್ಲಿರುವ ರೋಗಾಣುಗಳು ಕಾಲಿನ ಗಾಯ, ಬಿರುಕುಗಳ ಮೂಲಕ ದೇಹವನ್ನು ಸೇರುತ್ತವೆ. ರೋಗವು ಸೌಮ್ಯವಾಗಿದ್ದಲ್ಲಿ ಮಾತ್ರೆಗಳೇ ಸಾಕಾಗುತ್ತವೆ. ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು, ಉಸಿರಾಟದ ತೊಂದರೆ ಕಂಡುಬಂದಲ್ಲಿ ರೋಗಿಯನ್ನು ಒಳರೋಗಿಯಾಗಿ ದಾಖಲಿಸಿ, ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಔಷಧಿಯನ್ನು ರಕ್ತನಾಳದ ಮೂಲಕ ನೀಡಲಾಗುತ್ತದೆ.

ಎಲ್ಲ ಜ್ವರಕ್ಕೂ ಈ ಚುಚ್ಚುಮದ್ದು ಮದ್ದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯ ಪ್ರದೇಶದಲ್ಲಿ ಗುರುತಿಸಲಾದ ಮಂಗನ ಕಾಯಿಲೆಯು ವೈರಾಣುವಿನಿಂದ ಬರುವುದರಿಂದ ಅದನ್ನು ಯಾವ ಪ್ರತಿಜೀವಕವೂ ಗುಣಪಡಿಸದು. ಆರಂಭದಲ್ಲಿ ಎರಡೂ ಜ್ವರಗಳ ಲಕ್ಷಣಗಳು ಬಹುಮಟ್ಟಿಗೆ ಒಂದೇ ತೆರನಾಗಿ ತೋರುತ್ತವೆ. ಆದ್ದರಿಂದ ಯಾವ ಔಷಧಿ ಎಂಬುದನ್ನು ವೈದ್ಯರ ತೀರ್ಮಾನಕ್ಕೆ ಬಿಡತಕ್ಕದ್ದು. ಸೂಜಿ ಹಾಕಲೇಬೇಕೆಂದು ಒತ್ತಾಯಿಸುವುದು ಸಲ್ಲದು.

ಔಷಧಿಯ ತಯಾರಿಕೆ

ಈ ಔಷಧಿಗಳು ಸಾಮಾನ್ಯವಾಗಿ ಸೀಸೆಯಲ್ಲಿ ಪುಡಿಯ ರೂಪದಲ್ಲಿರುತ್ತವೆ. ಅವುಗಳನ್ನು ದ್ರವವನ್ನಾಗಿಸುವ ಕಾರ್ಯ ವಾರ್ಡಿನಲ್ಲಿಯೇ ನಡೆಯುವುದರಿಂದ ತಪ್ಪಿಗೆ ಅವಕಾಶವಿರುವುದೂ ಅಲ್ಲಿಯೇ. ಶುಶ್ರೂಷಕಿಯರು ಕೈ ತೊಳೆದು, ಸೀಸೆಯ ಹೆಸರು, ಪ್ರಮಾಣ ಹಾಗೂ ಅವಧಿ ಮುಗಿಯುವ ದಿನಾಂಕವನ್ನು ವೈದ್ಯರ ಆದೇಶದೊಂದಿಗೆ ತಾಳೆ ನೋಡಿ, ರಬ್ಬರ್ ಮುಚ್ಚಳವನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಲು ಬಿಟ್ಟು, ಹೊಸ ಸಿರಿಂಜ್‌ನಿಂದ ಚುಚ್ಚುಮದ್ದಿಗೆಂದೇ ತಯಾರಿಸಿದ ಕ್ರಿಮಿರಹಿತ ನೀರನ್ನು ಸೇರಿಸುತ್ತಾರೆ. ರಕ್ತನಾಳಕ್ಕೆ ನೀಡುವ 1 ಗ್ರಾಂ ಸೆಫ್ಟ್ರಿಯಾಕ್ಸೋನ್‌ಗೆ ಸುಮಾರು 10 ಮಿ.ಲೀ. ನೀರು ಬೇಕಾಗುತ್ತದೆ. ಪುಡಿ ಪೂರ್ತಿ ಕರಗಿ ದ್ರವ ತಿಳಿಯಾಗಿರಬೇಕು. ತುಸು ಹಳದಿ ಬಣ್ಣವಿದ್ದಲ್ಲಿ ಗಾಬರಿಪಡಬೇಕಾಗಿಲ್ಲ, ಕಣಗಳು ತೇಲುತ್ತಿದ್ದಲ್ಲಿ ಬಳಸತಕ್ಕದ್ದಲ್ಲ. ಮಾಂಸಖಂಡಕ್ಕೆ ಚುಚ್ಚುವಾಗ ನೋವು ಕಡಿಮೆ ಮಾಡಲು ಲಿಗ್ನೋಕೇನ್ ಬೆರೆಸುವುದುಂಟು. ಹಾಗೆ ಬೆರೆಸಿದ ಔಷಧಿಯನ್ನು ಎಂದಿಗೂ ರಕ್ತನಾಳಕ್ಕೆ ನೀಡುವಂತಿಲ್ಲ. ಬೆರೆಸಿದ ಔಷಧಿಯನ್ನು ಕೂಡಲೇ ಬಳಸುವುದು ಉತ್ತಮ.

ಸೆಫ್ಟ್ರಿಯಾಕ್ಸೋನ್ ಅನ್ನು ಕ್ಯಾಲ್ಸಿಯಂ ಇರುವ ದ್ರವದೊಡನೆ, ಉದಾಹರಣೆಗೆ ರಿಂಗರ್ ಲ್ಯಾಕ್ಟೇಟ್‌ನೊಡನೆ, ಬೆರೆಸಬಾರದು. ಒಂದೇ ನಳಿಕೆಯಲ್ಲಿ ಒಟ್ಟಿಗೆ ಹರಿಸಲೂಬಾರದು. ಎರಡೂ ಸೇರಿ ಗಟ್ಟಿ ಕಣಗಳಾಗಿ ನವಜಾತ ಶಿಶುಗಳಲ್ಲಿ ಸಾವು ಸಂಭವಿಸಿದ ಪ್ರಕರಣಗಳು ವರದಿಯಾಗಿವೆ.

ಅಲರ್ಜಿ

ಹಿಂದೆ ಯಾವುದೇ ಔಷಧಿಯಿಂದ ಮೈಮೇಲೆ ದದ್ದು, ಮುಖ ಊದುವಿಕೆ ಅಥವಾ ಉಸಿರುಕಟ್ಟುವಿಕೆ ಆಗಿದ್ದಲ್ಲಿ ಚುಚ್ಚುಮದ್ದಿಗೆ ಮುನ್ನವೇ ತಿಳಿಸುವುದು ರೋಗಿಯ ಕಡೆಯವರ ಹೊಣೆ. ಪೆನಿಸಿಲಿನ್ ಒಗ್ಗದವರಿಗೆ ಸೆಫ್ಟ್ರಿಯಾಕ್ಸೋನ್ ನೀಡುವ ಮುನ್ನ ವೈದ್ಯರು ಎಚ್ಚರಿಕೆಯಿಂದ ಪರಿಶೀಲಿಸುತ್ತಾರೆ. ಚರ್ಮದ ಪರೀಕ್ಷೆಯಲ್ಲಿ ಏನೂ ಕಾಣದಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದು ಭಾವಿಸುವಂತಿಲ್ಲ. ಔಷಧಿಯನ್ನು ನಿಧಾನವಾಗಿ ನೀಡಲಾಗುವುದು. ಬೇಗ ಮುಗಿಸಿರೆಂದು ಅವಸರಪಡಿಸಬಾರದು. ನಂತರ ಕನಿಷ್ಠ ಅರ್ಧ ಗಂಟೆ ರೋಗಿಯ ಬಳಿ ಒಬ್ಬರಿರುವುದು ಒಳ್ಳೆಯದು. ತುರಿಕೆ, ಧ್ವನಿ ಬದಲಾವಣೆ, ತಲೆಸುತ್ತು ಅಥವಾ ಉಸಿರಾಟದ ತೊಂದರೆ ಕಂಡೊಡನೆ ಶುಶ್ರೂಷಕಿಯರನ್ನು ಕರೆಯತಕ್ಕದ್ದು. ತೀವ್ರ ಅಲರ್ಜಿಗೆ ತೊಡೆಯ ಮಾಂಸಖಂಡಕ್ಕೆ ಅಡ್ರಿನಲಿನ್ ನೀಡುವುದೇ ಮೊದಲ ಚಿಕಿತ್ಸೆ; ಅಲ್ಲಿ ನಿಮಿಷಗಳೇ ಮುಖ್ಯ.

ಬಳಸಿದ ಸೂಜಿ, ಸಿರಿಂಜ್‌ಗಳನ್ನು ಇನ್ನೊಬ್ಬ ರೋಗಿಗೆ ಬಳಸುವಂತಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳನ್ವಯ ಅವುಗಳನ್ನು ಪ್ರತ್ಯೇಕಿಸಿ ವಿಲೇವಾರಿ ಮಾಡತಕ್ಕದ್ದು. ಹೊಸ ಪೊಟ್ಟಣವನ್ನು ತಮ್ಮೆದುರಿಗೇ ತೆರೆಯುವಂತೆ ಕೋರುವುದಕ್ಕೆ ರೋಗಿಯ ಕಡೆಯವರು ಸಂಕೋಚಪಡಬೇಕಾಗಿಲ್ಲ.

ಅಲರ್ಜಿ ಉಂಟಾಗಿದ್ದಲ್ಲಿ ಆ ಔಷಧಿಯ ಹೆಸರನ್ನು ಬಿಡುಗಡೆ ಚೀಟಿಯಲ್ಲಿ ಬರೆಸಿಕೊಂಡು, ಮುಂದೆ ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗ ಎಲ್ಲಿಯೇ ಚಿಕಿತ್ಸೆ ಪಡೆದರೂ ಆ ಚೀಟಿಯನ್ನು ಮೊದಲು ತೋರಿಸತಕ್ಕದ್ದು.