ರಾಷ್ಟ್ರೀಯ ಸ್ಕ್ವಾಷ್ ಚಾಂಪಿಯನ್‌ಶಿಪ್‌ಗಳಲ್ಲಿ ಹವ್ಯಾಸಿ ಆಟಗಾರರು

ಸ್ಕ್ವಾಷ್ ಕ್ರೀಡೆಯನ್ನೇ ಜೀವನೋಪಾಯವಾಗಿಸಿಕೊಳ್ಳದೆ, ಓದು ಅಥವಾ ಉದ್ಯೋಗದ ಜೊತೆಗೆ ಆಡುವವರನ್ನು ಹವ್ಯಾಸಿ ಆಟಗಾರರೆಂದು ಕರೆಯಲಾಗುತ್ತದೆ. ಇಂದು ಭಾರತದ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಹವ್ಯಾಸಿಗಳೂ ವೃತ್ತಿಪರರೂ ಒಂದೇ ಪ್ರಶಸ್ತಿಗಾಗಿ ಸೆಣಸುತ್ತಾರೆ. ಹಿಂದೆ ಈ ಎರಡು ವರ್ಗಗಳ ನಡುವೆ ನಿಯಮಗಳೇ ಗೆರೆ ಎಳೆದಿದ್ದವು.

ವಿಂಗಡಣೆಯ ಹಿನ್ನೆಲೆ

ಬ್ರಿಟಿಷರ ಕಾಲದಲ್ಲಿ ವೃತ್ತಿಪರನೆಂದರೆ ಕ್ಲಬ್ಬಿನ ಸದಸ್ಯರಿಗೆ ಆಟ ಕಲಿಸುವ ಸಂಬಳದ ನೌಕರ. ಹವ್ಯಾಸಿಯೆಂದರೆ ಆ ಕ್ಲಬ್ಬಿನ ಸದಸ್ಯ. ಹೀಗಾಗಿ ಈ ಭೇದವು ಆಟದ ಮಟ್ಟಕ್ಕಿಂತ ಹೆಚ್ಚಾಗಿ ಸಾಮಾಜಿಕ ಅಂತಸ್ತನ್ನು ಕುರಿತದ್ದಾಗಿತ್ತು. ಪೇಶಾವರದ ಅಧಿಕಾರಿಗಳ ಕ್ಲಬ್ಬಿನಲ್ಲಿ ಚೆಂಡು ಹೆಕ್ಕಿಕೊಡುತ್ತಿದ್ದ ಹಾಶಿಮ್ ಖಾನ್ ಬರಿಗಾಲಿನಲ್ಲಿ ಆಟ ಕಲಿತು, 1944ರಲ್ಲಿ ಮುಂಬಯಿಯ ಅಖಿಲ ಭಾರತ ಸ್ಪರ್ಧೆಯನ್ನೂ 1951ರಲ್ಲಿ ಬ್ರಿಟಿಷ್ ಓಪನ್ ಪ್ರಶಸ್ತಿಯನ್ನೂ ಗೆದ್ದರು. ಬ್ರಿಟಿಷ್ ಓಪನ್ ಇಬ್ಬರಿಗೂ ತೆರೆದಿದ್ದ ಸ್ಪರ್ಧೆ. ಅದನ್ನು 1930ರ ದಶಕದಲ್ಲಿ ಆರು ಬಾರಿ ಗೆದ್ದ ಈಜಿಪ್ಟಿನ ಅಮ್ರ್ ಬೇ ವೃತ್ತಿಯಿಂದ ರಾಜತಾಂತ್ರಿಕರು, ಆಟದಲ್ಲಿ ಹವ್ಯಾಸಿ. ಹವ್ಯಾಸಿಗಳು ದುರ್ಬಲರೆಂಬ ಭಾವನೆ ಆಗಲೇ ಸುಳ್ಳಾಗಿತ್ತು.

1967ರಲ್ಲಿ ವಿಶ್ವ ಹವ್ಯಾಸಿ ಚಾಂಪಿಯನ್‌ಶಿಪ್ ಆರಂಭವಾಯಿತು. 1979ರಲ್ಲಿ ಅದನ್ನು ಗೆದ್ದ ಜಹಾಂಗೀರ್ ಖಾನರಿಗೆ ಕೇವಲ 15 ವರ್ಷ. ಮರುವರ್ಷ ಅಂತರರಾಷ್ಟ್ರೀಯ ಒಕ್ಕೂಟವು ಹವ್ಯಾಸಿ–ವೃತ್ತಿಪರ ವಿಂಗಡಣೆಯನ್ನೇ ಕೈಬಿಟ್ಟಿತು.

ಭಾರತದಲ್ಲಿ

1977ರಿಂದ 1982ರವರೆಗೆ ಸತತ ಆರು ಬಾರಿ ರಾಷ್ಟ್ರೀಯ ಚಾಂಪಿಯನ್ನರಾದ ರಾಜ್ ಮನ್‌ಚಂದ ಸೇನಾಧಿಕಾರಿಯಾಗಿದ್ದರು. ಮಹಿಳೆಯರಲ್ಲಿ ಭುವನೇಶ್ವರಿ ಕುಮಾರಿ 1977–1992ರ ಅವಧಿಯಲ್ಲಿ 16 ಪ್ರಶಸ್ತಿ ಗಳಿಸಿದರು. ಕನ್ನಡ ನಾಡಿನ ಓದುಗರಿಗೆ ಹೆಚ್ಚು ಆಪ್ತವಾದ ಉದಾಹರಣೆ ಕೊಡವ ಮನೆತನದ ಜೋಷ್ನಾ ಚಿಣ್ಣಪ್ಪ. ಚೆನ್ನೈನಲ್ಲಿ ಬೆಳೆದ ಅವರು 2000ದಲ್ಲಿ, ಶಾಲಾ ಬಾಲಕಿಯಾಗಿದ್ದಾಗಲೇ, ಹಿರಿಯರ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದರು; 2019ರಲ್ಲಿ 17ನೆಯ ಪ್ರಶಸ್ತಿಯೊಡನೆ ಭುವನೇಶ್ವರಿಯವರ ದಾಖಲೆಯನ್ನು ಮುರಿದರು. ಸ್ಪರ್ಧೆಯು ವೃತ್ತಿಪರರಿಗಷ್ಟೇ ಮೀಸಲಾಗಿದ್ದರೆ ಆ ಮೊದಲ ಪ್ರಶಸ್ತಿ ದೊರೆಯುತ್ತಿರಲಿಲ್ಲ.

ಇಂದಿನ ಅಡಚಣೆಗಳು

ನಿಯಮದ ಬಾಗಿಲು ತೆರೆದಿದ್ದರೂ ಅಂಕಣದ ಬಾಗಿಲು ಎಲ್ಲರಿಗೂ ತೆರೆದಿಲ್ಲ. ಕಾಗಿನೆಲೆ, ಬ್ಯಾಡಗಿಯಂತಹ ಊರುಗಳಲ್ಲಿ ಸುಣ್ಣದ ಗೆರೆ ಎಳೆದರೆ ಕಬಡ್ಡಿ ಅಂಕಣ ಸಿದ್ಧ. ಸ್ಕ್ವಾಷಿಗೆ 9.75 ಮೀಟರ್ ಉದ್ದ, 6.4 ಮೀಟರ್ ಅಗಲದ, ನಾಲ್ಕು ನುಣುಪು ಗೋಡೆಗಳ ಕೋಣೆಯೇ ಬೇಕು; ಅದರಲ್ಲಿ ಒಮ್ಮೆಗೆ ಆಡಬಹುದಾದವರು ಸಾಮಾನ್ಯವಾಗಿ ಇಬ್ಬರೇ. ಆದ್ದರಿಂದಲೇ ಈ ಆಟವು ಬಹುಕಾಲ ದಂಡು ಪ್ರದೇಶ ಮತ್ತು ನಗರದ ಕ್ಲಬ್ಬುಗಳಲ್ಲಿ ಉಳಿಯಿತು.

ಇನ್ನೊಂದು ತೊಡಕು ಅಭ್ಯಾಸದ ಅಂತರ. ದಿನವಿಡೀ ತರಬೇತಿ ಪಡೆಯುವ ಶ್ರೇಯಾಂಕಿತನ ಎದುರು ಕಚೇರಿ ಮುಗಿಸಿ ಆಡುವವನು ಮೊದಲ ಸುತ್ತಿನಲ್ಲೇ ಬಿದ್ದರೆ ಪಂದ್ಯ ಏಕಪಕ್ಷೀಯವೆನಿಸುತ್ತದೆ. ಇದಕ್ಕಾಗಿ ಹವ್ಯಾಸಿಗಳನ್ನು ಹೊರಗಿಡುವುದಕ್ಕಿಂತ ಅರ್ಹತಾ ಸುತ್ತು ನಡೆಸುವುದು ನ್ಯಾಯವಾದ ದಾರಿ. 35 ವರ್ಷ ಮೀರಿದವರಿಗೆ ವಯೋಮಾನಕ್ಕೆ ತಕ್ಕ ಮಾಸ್ಟರ್ಸ್ ವಿಭಾಗಗಳೂ ಇವೆ.