ಹಿತ್ತಲಿನ ಬೆಣ್ಣೆಹಣ್ಣಿನ ಮರ ಕಾಯಿ ಬಿಡದಿರುವುದೇಕೆ?

ಜೂಸ್ ಅಂಗಡಿಗಳಲ್ಲಿ ಬಟರ್ ಫ್ರೂಟ್ ಎಂದೇ ಪರಿಚಿತವಾಗಿರುವ ಬೆಣ್ಣೆಹಣ್ಣನ್ನು ತಿಂದು, ಅದರ ದಪ್ಪ ಬೀಜವನ್ನು ಹಿತ್ತಲಿನಲ್ಲಿ ಊರುವವರು ನಮ್ಮ ನಗರಗಳಲ್ಲಿ ಕಡಿಮೆಯೇನಿಲ್ಲ. ಬೀಜ ಸುಲಭವಾಗಿ ಮೊಳೆಯುತ್ತದೆ, ಸಸಿಯೂ ಸೊಂಪಾಗಿ ಬೆಳೆಯುತ್ತದೆ. ಆದರೆ ಏಳೆಂಟು ವರ್ಷ ಕಳೆದು ಮರ ಮಹಡಿಯನ್ನು ಮೀರಿದರೂ ಅನೇಕರ ಮನೆಯಲ್ಲಿ ಒಂದು ಕಾಯಿಯೂ ಕಾಣಿಸುವುದಿಲ್ಲ. ಮನೆ ಕಟ್ಟಿದ ಮೇಲೆ ನಿವೇಶನದಲ್ಲಿ ಉಳಿಯುವುದು ಹೆಚ್ಚೆಂದರೆ ಒಂದು ಮರದ ಜಾಗ. ಅದನ್ನು ಇದಕ್ಕೆ ಬಿಟ್ಟುಕೊಡುವ ಮುನ್ನ ಈ ಮರದ ಸ್ವಭಾವವನ್ನು ಅರಿಯುವುದು ಒಳಿತು.

ಮೆಕ್ಸಿಕೊ ಹಾಗೂ ಮಧ್ಯ ಅಮೆರಿಕ ಮೂಲದ ಈ ನಿತ್ಯಹಸಿರು ಮರ ದಾಲ್ಚಿನ್ನಿಯ ಕುಟುಂಬಕ್ಕೆ ಸೇರಿದ್ದು. ಕೊಡಗಿನ ಕಾಫಿ ತೋಟಗಳಲ್ಲಿ ಇದು ಹಳೆಯ ಪರಿಚಯ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಇದರ ತಳಿಗಳ ಕುರಿತು ಸಂಶೋಧನೆಯೂ ನಡೆದಿದೆ. ಬೆಂಗಳೂರಿನ ತಂಪು ಹವೆ ಇದಕ್ಕೆ ಒಗ್ಗುತ್ತದೆ. ರಾಯಚೂರು, ಕಲಬುರಗಿಯ ಬಿರುಬಿಸಿಲು ಮತ್ತು ಒಣಗಾಳಿಗೆ ಹೂವು, ಮಿಡಿಗಳು ಉದುರಿಬಿಡುತ್ತವೆ.

ಬೀಜದಿಂದ ಬೆಳೆದ ಮರ ತಾಯಿಮರದಂತೆಯೇ ಇರುತ್ತದೆಂಬ ಖಾತ್ರಿಯಿಲ್ಲ. ಫಲಕ್ಕೆ ಹತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಯಬೇಕಾದೀತು. ಕಸಿ ಸಸಿಯಾದರೆ ಮೂರು-ನಾಲ್ಕು ವರ್ಷಗಳಲ್ಲಿ ಫಲ ಆರಂಭವಾಗುತ್ತದೆ. ಜಗತ್ಪ್ರಸಿದ್ಧ ‘ಹ್ಯಾಸ್’ ತಳಿಯೂ ಕ್ಯಾಲಿಫೋರ್ನಿಯಾದ ರುಡಾಲ್ಫ್ ಹ್ಯಾಸ್ ಎಂಬುವರ ತೋಟದಲ್ಲಿ ಬೀಜದಿಂದ ಆಕಸ್ಮಿಕವಾಗಿ ಹುಟ್ಟಿದ್ದೇ, ನಿಜ. 1935ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಆದರೆ ಇಂದಿನ ಹ್ಯಾಸ್ ಮರಗಳೆಲ್ಲವೂ ಆ ಒಂದು ಮರದ ಕಸಿಯ ಸಂತತಿ. ಅಂತಹ ಅದೃಷ್ಟವನ್ನು ನಂಬಿ ಹಿತ್ತಲನ್ನು ಒತ್ತೆಯಿಡುವುದು ಜಾಣತನವಲ್ಲ.

ಮರ ಮೈತುಂಬ ಹೂ ಬಿಟ್ಟರೂ ಕಾಯಿ ಕಚ್ಚದಿರುವುದಕ್ಕೆ ಬೇರೆಯೇ ಕಾರಣವಿದೆ. ಬೆಣ್ಣೆಹಣ್ಣಿನ ಪ್ರತಿ ಹೂವಿನಲ್ಲಿಯೂ ಗಂಡು, ಹೆಣ್ಣು ಎರಡೂ ಭಾಗಗಳಿರುತ್ತವೆ. ಆದರೆ ಹೂವು ಎರಡು ಬಾರಿ ಅರಳುತ್ತದೆ, ಮೊದಲ ದಿನ ಹೆಣ್ಣಾಗಿ, ಮರುದಿನ ಗಂಡಾಗಿ. ‘ಎ’ ಗುಂಪಿನ ತಳಿಗಳ ಹೂವು ಬೆಳಿಗ್ಗೆ ಹೆಣ್ಣಾಗಿ ಅರಳಿ ಮುಚ್ಚಿಕೊಂಡು, ಮರುದಿನ ಮಧ್ಯಾಹ್ನ ಪರಾಗ ಚೆಲ್ಲುತ್ತದೆ. ‘ಬಿ’ ಗುಂಪಿನದು ಮಧ್ಯಾಹ್ನ ಹೆಣ್ಣು, ಮರುದಿನ ಬೆಳಿಗ್ಗೆ ಗಂಡು. ಹ್ಯಾಸ್ ಮೊದಲ ಗುಂಪಿಗೆ, ಫ್ಯುಯರ್ಟೆ ಎರಡನೆಯದಕ್ಕೆ ಸೇರಿವೆ. ಹವೆ ತಂಪಾದಾಗ ಈ ವೇಳಾಪಟ್ಟಿ ಏರುಪೇರಾಗುವುದರಿಂದ ಒಂಟಿ ಮರವೂ ಒಂದಿಷ್ಟು ಕಾಯಿ ಹಿಡಿಯಬಹುದು. ಆದರೂ ಇನ್ನೊಂದು ಗುಂಪಿನ ಮರ ಸಮೀಪದಲ್ಲಿದ್ದರೆ ಫಸಲು ಹೆಚ್ಚು. ಜಾಗವಿಲ್ಲದವರು ಪಕ್ಕದ ಮನೆಯವರಿಗೆ ಇನ್ನೊಂದು ಗುಂಪಿನ ಸಸಿಯನ್ನು ಉಡುಗೊರೆ ಕೊಡಬಹುದು! ಜೇನುನೊಣಗಳು ಕಾಂಪೌಂಡ್ ಗೋಡೆಯನ್ನು ಲೆಕ್ಕಿಸುವುದಿಲ್ಲ. ಹೂ ಬಿಡುವ ಕಾಲದಲ್ಲಿ ಕೀಟನಾಶಕ ಸಿಂಪಡಿಸದಿದ್ದರೆ ಸಾಕು. ಲಕ್ಷ ಹೂಗಳಲ್ಲಿ ಕಾಯಾಗುವುದು ಕೆಲವು ನೂರು ಮಾತ್ರ ಎಂಬುದನ್ನೂ ನೆನಪಿಡಬೇಕು.

ಕಾಯಿ ಬಿಡುವ ಮೊದಲೇ ಮರ ಸಾಯುವುದಕ್ಕೆ ಸಾಮಾನ್ಯವಾಗಿ ಅತಿಯಾದ ನೀರೇ ಕಾರಣ. ಇದರ ಆಹಾರ ಹೀರುವ ಬೇರುಗಳು ನೆಲದ ಮೇಲ್ಪದರದಲ್ಲಿಯೇ ಹರಡಿರುತ್ತವೆ. ನೀರು ನಿಂತರೆ ಅವುಗಳಿಗೆ ಉಸಿರಾಡಲಾಗದು, ಜೊತೆಗೆ ಫೈಟಾಪ್ತೊರಾ ಎಂಬ ಸೂಕ್ಷ್ಮಜೀವಿಯಿಂದ ಬೇರು ಕೊಳೆ ರೋಗ ತಗಲುತ್ತದೆ. ಎಲೆಗಳು ಬಾಡುವುದನ್ನು ಕಂಡು ಬಾಯಾರಿಕೆಯೆಂದು ಭಾವಿಸಿ ಇನ್ನಷ್ಟು ನೀರು ಸುರಿದರೆ ಮುಗಿಯಿತು. ಆದ್ದರಿಂದ ಜೇಡಿಮಣ್ಣಿರುವಲ್ಲಿ ಗುಂಡಿಯ ಬದಲು ಒಂದೆರಡು ಅಡಿ ಎತ್ತರದ ಮಣ್ಣಿನ ದಿಬ್ಬದ ಮೇಲೆ ನೆಡುವುದು ಸೂಕ್ತ. ಕಸಿಯ ಗಂಟು ಮಣ್ಣಿನಿಂದ ಮೇಲಿರಬೇಕು. ಬುಡದ ಸುತ್ತ ಒಣ ಎಲೆಗಳ ದಪ್ಪ ಹೊದಿಕೆ ಹಾಕಬೇಕು, ಆದರೆ ಅದು ಕಾಂಡಕ್ಕೆ ತಾಗಬಾರದು. ಬುಡವನ್ನು ಅಗೆಯುವ ಅಭ್ಯಾಸವೂ ಬೇಡ. ಕಟ್ಟಡದ ಸುಣ್ಣ, ಸಿಮೆಂಟಿನ ಅವಶೇಷ ಬೆರೆತ ಮಣ್ಣಿನಲ್ಲಿ ಕಬ್ಬಿಣದ ಅಂಶ ದಕ್ಕದೆ ಎಳೆ ಎಲೆಗಳು ಹಳದಿಯಾಗುತ್ತವೆ.

ಗೋಡೆಯಿಂದ ಕನಿಷ್ಠ 15 ಅಡಿ ದೂರವಿರಲಿ. ಆಡು, ಮೊಲ, ಪಂಜರದ ಪಕ್ಷಿಗಳನ್ನು ಸಾಕುವವರು ಇದರ ಎಲೆ ಅವುಗಳಿಗೆ ವಿಷವೆಂಬುದನ್ನು ಮರೆಯಬಾರದು.

ಕಾಯಿ ಮರದಲ್ಲಿ ಮೆತ್ತಗಾಗುವುದೇ ಇಲ್ಲ. ಬಲಿತ ಮೇಲೆ ಕಿತ್ತರೆ ಮಾತ್ರ ಹಣ್ಣಾಗುತ್ತದೆ. ಪರೀಕ್ಷೆಗೆ ಒಂದು ಕಾಯನ್ನು ತೊಟ್ಟಿನ ಸಮೇತ ಕತ್ತರಿಸಿ ಮನೆಯೊಳಗಿಡಿ. ವಾರ, ಹತ್ತು ದಿನದಲ್ಲಿ ಸುಕ್ಕುಗಟ್ಟದೆ ಮೆತ್ತಗಾದರೆ, ಅದೇ ಗಾತ್ರದ ಉಳಿದ ಕಾಯಿಗಳನ್ನೂ ಇಳಿಸಬಹುದು.